ಎಂಸಿಜಿ ಟೂರ್ ಮತ್ತು ಮ್ಯೂಸಿಯಂ: ರಾನ್ ಬರಾಸಿ ಕಥೆ ಗೊತ್ತಿದ್ದು ಹೋದರೆ ದುಡ್ಡು ವಸೂಲ್

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮೆಲ್ಬರ್ನ್‌ಗೆ ಬಂದ ನೆಂಟರು ಗ್ರೇಟ್ ಓಷನ್ ರೋಡ್ ನೋಡಿ, ಫಿಲಿಪ್ ಐಲ್ಯಾಂಡಿನ ಪೆಂಗ್ವಿನ್ ನೋಡಿ, ಇನ್ನೊಂದು ಅರ್ಧ ದಿನ ಇದೆ ಎಲ್ಲಿಗೆ ಹೋಗೋಣ ಅಂತ ಕೇಳಿದಾಗ ನಾನು ಹೇಳುವುದು ಇದನ್ನೇ. ಮೆಲ್ಬರ್ನ್ ಕ್ರಿಕೆಟ್ ಗ್ರೌಂಡಿನ ಗೈಡೆಡ್ ಟೂರ್, ಅದರ ಜೊತೆಗೆ ಅಲ್ಲೇ ಒಳಗಿರುವ ಆಸ್ಟ್ರೇಲಿಯನ್ ಸ್ಪೋರ್ಟ್ಸ್ ಮ್ಯೂಸಿಯಂ. ಎರಡಕ್ಕೂ ಸೇರಿಸಿ ಒಂದೇ ಟಿಕೆಟ್ ಸಿಗುತ್ತದೆ. ಬರೀ ಮ್ಯೂಸಿಯಂ ಬೇಕೆಂದರೆ ಅದೂ ಇದೆ. ಆದರೆ ಎರಡನ್ನೂ ತಗೊಳ್ಳಿ.

ನಮ್ಮವರಿಗೆ ಎಂಸಿಜಿ ಅಂದ್ರೆ ಕ್ರಿಕೆಟ್. ಸಹಜ ಅಲ್ವಾ. 1977ರ ಡಿಸೆಂಬರ್ ಕೊನೆಗೆ ಶುರುವಾದ ಟೆಸ್ಟ್‌ನಲ್ಲಿ ನಮ್ಮ ಚಂದ್ರಶೇಖರ್ ಎರಡೂ ಇನಿಂಗ್ಸ್‌ನಲ್ಲಿ 52 ರನ್ನಿಗೆ 6 ವಿಕೆಟ್ ತೆಗೆದರು, ಎರಡೂ ಸಲ ಅದೇ ಲೆಕ್ಕ, ಭಾರತ ಆಸ್ಟ್ರೇಲಿಯಾದ ನೆಲದಲ್ಲಿ ಮೊದಲ ಟೆಸ್ಟ್ ಗೆದ್ದಿದ್ದು ಅಲ್ಲೇ. 1981ರಲ್ಲಿ ವಿಶ್ವನಾಥ್ 114 ಹೊಡೆದಿದ್ದು ಅಲ್ಲೇ. 2018ರ ಬಾಕ್ಸಿಂಗ್ ಡೇ ದಿನ ಮಯಾಂಕ್ ಅಗರ್ವಾಲ್ ಮೊದಲ ಟೆಸ್ಟ್ ಆಡಿ 76 ಮಾಡಿದ್ದೂ ಅಲ್ಲೇ. ಇದನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಹೋಗುವುದರಲ್ಲೇ ಒಂದು ಖುಷಿ ಇದೆ. ಆದರೆ ಈ ಊರಿನವರಿಗೆ ಆ ಮೈದಾನ ಮುಖ್ಯವಾಗಿ ಫೂಟಿಯದ್ದು. ಮಾರ್ಚ್‌ನಿಂದ ಸೆಪ್ಟೆಂಬರ್ ತನಕ ಅಲ್ಲಿ ನಡೆಯುವುದು ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಅದು ಗೊತ್ತಿಲ್ಲದೆ ಹೋದರೆ ಟೂರಿನ ಅರ್ಧ ಭಾಗ ತಲೆ ಮೇಲೆ ಹಾದುಹೋಗುತ್ತದೆ. ನಿಯಮ ಎಲ್ಲ ಕಲಿತು ಹೋಗಬೇಕಾಗಿಲ್ಲ. ಒಬ್ಬನೇ ಒಬ್ಬ ಮನುಷ್ಯನ ಕಥೆ ಗೊತ್ತಿದ್ದರೆ ಸಾಕು, ಆ ಮೈದಾನದ ಅರ್ಧ ಗೋಡೆಗಳು ನಿಮ್ಮ ಜೊತೆ ಮಾತಾಡಲು ಶುರು ಮಾಡುತ್ತವೆ. ಆ ಮನುಷ್ಯ ರಾನ್ ಬರಾಸಿ. ಆಟಗಾರನಾಗಿ 6 ಪ್ರೀಮಿಯರ್‌ಶಿಪ್ (ಲೀಗ್‌ನ ಆ ವರ್ಷದ ಕಪ್), ಕೋಚ್ ಆಗಿ 4.

ಆಟದ ಬಗ್ಗೆ ಒಂದೆರಡು ಮಾತು ಹೇಳಿಬಿಡುತ್ತೇನೆ. ಒಂದು ತಂಡದಿಂದ 18 ಜನ, ಅಂಡಾಕಾರದ ಮೈದಾನ, ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಒದ್ದರೆ ಗೋಲ್, 6 ಅಂಕ. ಪಕ್ಕದ ಸಂದಿನಲ್ಲಿ ಹೋದರೆ 1 ಅಂಕ, ಅದಕ್ಕೆ ಬಿಹೈಂಡ್ ಅಂತಾರೆ. ಚೆಂಡನ್ನು ಕೈಯಿಂದ ಎಸೆಯುವ ಹಾಗಿಲ್ಲ, ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಿ ಪಾಸ್ ಕೊಡಬೇಕು. ಅದು ಹ್ಯಾಂಡ್‌ಬಾಲ್. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಳಗೆ ಹೋಗುವ ಮೊದಲು ಸ್ವಲ್ಪ ಹೊತ್ತು ಹೊರಗೇ ಕಳೆಯಿರಿ. ಇದಕ್ಕೆ ಟಿಕೆಟ್ ಬೇಡ. ಮೈದಾನದ ಸುತ್ತ, ಯಾರಾ ಪಾರ್ಕ್‌ನಲ್ಲಿ, ಕಂಚಿನ ಪ್ರತಿಮೆಗಳಿವೆ. ನಮ್ಮವರು ನೇರ ಬ್ರಾಡ್ಮನ್, ಶೇನ್ ವಾರ್ನ್ ಹತ್ತಿರ ಹೋಗಿ ಫೋಟೊ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಿ. ಆಮೇಲೆ ಇನ್ನು ಮೂರು ಪ್ರತಿಮೆ ಹುಡುಕಿ: ನಾರ್ಮ್ ಸ್ಮಿತ್, ರಾನ್ ಬರಾಸಿ, ಜಿಮ್ ಸ್ಟೈನ್ಸ್. ಮೂರೂ ಒಂದೇ ಕಡೆ ಇಲ್ಲ, ಸುತ್ತಾಡಬೇಕು. ಆದರೆ ಈ ಮೂವರದ್ದು ಒಂದೇ ಕಥೆ.

ಬರಾಸಿ ಹುಟ್ಟಿದ್ದು 1936ರಲ್ಲಿ, ವಿಕ್ಟೋರಿಯಾದ ಒಳನಾಡಿನ ಕ್ಯಾಸಲ್‌ಮೇನ್‌ನಲ್ಲಿ. ಅಪ್ಪನ ಹೆಸರೂ ರಾನ್ ಬರಾಸಿಯೇ. ಅಪ್ಪ ಮೆಲ್ಬರ್ನ್ ಕ್ಲಬ್ಬಿಗೆ ಆಡುತ್ತಿದ್ದವರು, 1940ರಲ್ಲಿ ಪ್ರೀಮಿಯರ್‌ಶಿಪ್ ಗೆದ್ದ ತಂಡದಲ್ಲಿದ್ದವರು. ಎರಡನೇ ಮಹಾಯುದ್ಧಕ್ಕೆ ಹೋಗಿ ಮರುವರ್ಷ ಲಿಬಿಯಾದ ಟೊಬ್ರುಕ್‌ನಲ್ಲಿ ಸತ್ತರು. ಮಗನಿಗೆ ಆಗ 5 ವರ್ಷ. ಅದೇ ತಂಡದಲ್ಲಿ ಅಪ್ಪನ ಜೊತೆ ಆಡಿದ್ದ ನಾರ್ಮ್ ಸ್ಮಿತ್ ಮುಂದೆ ಮೆಲ್ಬರ್ನ್ ಕ್ಲಬ್ಬಿನ ಕೋಚ್ ಆದರು. ಹುಡುಗನ ಅಮ್ಮ ಮತ್ತೆ ಮದುವೆಯಾಗಿ ಟಾಸ್ಮೇನಿಯಾಗೆ ಹೊರಟಾಗ, ಮೆಲ್ಬರ್ನ್‌ನಲ್ಲೇ ಉಳಿದು ಆಡಬೇಕೆಂದು ಹಟ ಹಿಡಿದ ಹುಡುಗನನ್ನು ಸ್ಮಿತ್ ದಂಪತಿ ತಮ್ಮ ಮನೆಗೇ ಕರೆದುಕೊಂಡರು. ಹಿತ್ತಲಿನ ಪುಟ್ಟ ಕೋಣೆಯೊಂದರಲ್ಲಿ ವಾಸ. ಮನೆಯಲ್ಲಿ ಸಾಕಿದ ಅಪ್ಪ, ಮೈದಾನದಲ್ಲಿ ಕೋಚ್, ಇಬ್ಬರೂ ಒಬ್ಬರೇ!

ಆ ಕಾಲದಲ್ಲಿ ಆಟಗಾರ ಯಾವ ಬಡಾವಣೆಯಲ್ಲಿ ಇದ್ದಾನೋ ಆ ಬಡಾವಣೆಯ ಕ್ಲಬ್ಬಿಗೇ ಆಡಬೇಕು ಅನ್ನುವ ನಿಯಮ ಇತ್ತು. ಆ ಲೆಕ್ಕದಲ್ಲಿ ಬರಾಸಿ ಮೆಲ್ಬರ್ನ್‌ಗೆ ಸಿಗುವ ಹಾಗಿರಲಿಲ್ಲ. ಅಪ್ಪ ಆಡಿದ ಕ್ಲಬ್ಬಿಗೆ ಮಗ ಆಡಬಹುದು ಅನ್ನುವ ಅವಕಾಶ ಬೇಕೆಂದು ಮೆಲ್ಬರ್ನ್ ಕ್ಲಬ್ ಹಿಂದೆಬಿದ್ದು ಸಾಧಿಸಿಕೊಂಡಿತು. ಆ ಫಾದರ್-ಸನ್ ನಿಯಮ ರೂಪ ಬದಲಾಯಿಸಿಕೊಂಡು ಇವತ್ತಿಗೂ ಎಎಫ್‌ಎಲ್ (ಈಗಿನ ಫೂಟಿ ಲೀಗ್) ಡ್ರಾಫ್ಟ್‌ನಲ್ಲಿ, ಅಂದ್ರೆ ಕ್ಲಬ್ಬುಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ವ್ಯವಸ್ಥೆಯಲ್ಲಿ ಇದೆ. ಹುಡುಗ 1953ರಲ್ಲಿ ಮೊದಲ ಪಂದ್ಯ ಆಡಿದ. ಅಪ್ಪ ಹಾಕುತ್ತಿದ್ದ 31ನೇ ನಂಬರಿನ ಜರ್ಸಿಯನ್ನೇ ತಾನೂ ಹಾಕಿದ.

ಶುರುವಿನಲ್ಲಿ ಅವನನ್ನು ಎಲ್ಲಿ ಆಡಿಸಬೇಕು ಅನ್ನುವುದೇ ಸಮಸ್ಯೆಯಾಗಿತ್ತು. ಮೇಲೆ ಹಾರಿಸಿದ ಚೆಂಡಿಗೆ ಜಿಗಿಯುವ ರಕ್ ಆಟಗಾರನಾಗಲು ಎತ್ತರ ಸಾಲದು, ಕೆಳಗೆ ಬಿದ್ದ ಚೆಂಡನ್ನು ಎತ್ತಿಕೊಂಡು ಓಡುವ ಚುರುಕಿನ ರೋವರ್ ಆಗಲು ಮೈಕಟ್ಟು ಜಾಸ್ತಿ. ಸ್ಮಿತ್ ಅವನನ್ನು ಎರಡರ ನಡುವೆ, ಚೆಂಡು ಎಲ್ಲಿದೆಯೋ ಅಲ್ಲಿಗೆ ನುಗ್ಗುವ ಆಟಗಾರನಾಗಿ ಬಿಟ್ಟರು. ರಕ್-ರೋವರ್ ಅನ್ನುವ ಜಾಗ ಇವತ್ತು ಅವನ ಹೆಸರಿನ ಜೊತೆಗೇ ಬರುತ್ತದೆ. 1955, 56, 57, 59, 60, 64, ಆರು ಪ್ರೀಮಿಯರ್‌ಶಿಪ್. ಕೊನೆಯ ಎರಡರಲ್ಲಿ ಅವನೇ ಕ್ಯಾಪ್ಟನ್. ನಡುವೆ 1958 ಬಿಟ್ಟುಹೋಗಿದ್ದು ಕಾಲಿಂಗ್‌ವುಡ್‌ನಿಂದಾಗಿ. ಸತತ ನಾಲ್ಕು ಗೆದ್ದ ದಾಖಲೆ ಕಾಲಿಂಗ್‌ವುಡ್‌ದೇ ಆಗಿತ್ತು, 1927ರಿಂದ 1930ರ ತನಕ. ಅದನ್ನು ಮೆಲ್ಬರ್ನ್ ಮುಟ್ಟದ ಹಾಗೆ ಫೈನಲ್‌ನಲ್ಲಿ ತಾವೇ ಬಂದು ತಡೆದರು.

ಈಗ ಟೂರಿಗೆ ಬರೋಣ. ಗೇಟ್ 3ರಿಂದ ಒಳಗೆ. ಪಂದ್ಯ ಅಥವಾ ಬೇರೆ ದೊಡ್ಡ ಕಾರ್ಯಕ್ರಮ ಇರುವ ದಿನ ಟೂರ್ ಇರುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಿ. ಒಂದೂಕಾಲು ಗಂಟೆಯ ಸುತ್ತು. ಗೈಡ್‌ಗಳು ಸ್ವಯಂಸೇವಕರು, ಹೆಚ್ಚಿನವರು ಹಿರಿಯರು, ಹುಡುಗರಾಗಿದ್ದಾಗಿನಿಂದ ಇದೇ ಮೈದಾನಕ್ಕೆ ಬರುತ್ತಿದ್ದವರು. ಇಡೀ ಟೂರಿನ ಜೀವ ಇವರೇ. ಓದಿ ಹೇಳುವವರಲ್ಲ, ನೋಡಿದ್ದನ್ನು ಹೇಳುವವರು. ನಮ್ಮ ಮುಖ ಕಂಡ ತಕ್ಷಣ ಪ್ರೀತಿಯಿಂದ ಸಚಿನ್, ಕೊಹ್ಲಿ ಮಾತು ಎತ್ತುತ್ತಾರೆ. ಕೇಳಿ, ಚೆನ್ನಾಗಿರುತ್ತದೆ. ಆಮೇಲೆ ಬರಾಸಿ ಆಟ ನೀವು ನೋಡಿದ್ದೀರಾ ಅಂತ ಒಂದು ಪ್ರಶ್ನೆ ಹಾಕಿ. ನನ್ನ ಗುಂಪಿಗೆ ಸಿಕ್ಕಿದ್ದ ಹಿರಿಯರು ಆ ಪ್ರಶ್ನೆ ಕೇಳಿದ್ದೇ ತಡ, ನಡೆಯುವುದನ್ನು ನಿಲ್ಲಿಸಿ, ರೇಲಿಂಗ್ ಮೇಲೆ ಕೈ ಇಟ್ಟು, ಕನ್ನಡಕ ಮೇಲಕ್ಕೆ ಸರಿಸಿ, ಎದುರಿನ ಸ್ಟ್ಯಾಂಡ್ ಕಡೆ ಬೆರಳು ತೋರಿಸುತ್ತಾ 1970ರ ಫೈನಲ್ ಶುರು ಮಾಡಿದರು. ಗುಂಪಿನಲ್ಲಿದ್ದ ಉಳಿದವರೆಲ್ಲ ತಿರುಗಿ ನಿಂತರು.

ಆ ಫೈನಲ್‌ಗೆ ಬರುವ ಮೊದಲು 1964ರ ಕೊನೆಗೆ ಏನಾಯಿತು ಅನ್ನುವುದು ಗೊತ್ತಿರಬೇಕು. ಆರನೇ ಪ್ರೀಮಿಯರ್‌ಶಿಪ್ ಗೆದ್ದ ಕೆಲವೇ ತಿಂಗಳಲ್ಲಿ ಬರಾಸಿ ಮೆಲ್ಬರ್ನ್ ಬಿಟ್ಟು ಕಾರ್ಲ್‌ಟನ್‌ಗೆ ಕ್ಯಾಪ್ಟನ್-ಕೋಚ್ ಆಗಿ ಹೋದರು. ಆ ಕಾಲದಲ್ಲಿ ಇದು ಆಗುವ ಮಾತೇ ಅಲ್ಲ. ಆಟಗಾರ ಅಂದ್ರೆ ಕ್ಲಬ್ಬಿನ ಮನೆಮಗ. ಅದರಲ್ಲೂ ಬರಾಸಿ, ಅಪ್ಪನ ಜರ್ಸಿ ಹಾಕಿದವನು, ಕೋಚ್ ಮನೆಯಲ್ಲಿ ಬೆಳೆದವನು. ಎಷ್ಟೋ ಮೆಲ್ಬರ್ನ್ ಅಭಿಮಾನಿಗಳಿಗೆ ಇದನ್ನು ನುಂಗಿಕೊಳ್ಳಲು ಆಗಲಿಲ್ಲ. ಆಮೇಲೆ ಮೆಲ್ಬರ್ನ್ ಕ್ಲಬ್ಬಿಗೆ ಏನಾಯಿತು ನೋಡಿ. 1965ರ ಸೀಸನ್ ನಡುವೆ ನಾರ್ಮ್ ಸ್ಮಿತ್ ಅವರನ್ನೇ ಕೆಲಸದಿಂದ ತೆಗೆದರು, ಕೆಲವೇ ದಿನಗಳಲ್ಲಿ ವಾಪಸ್ ಕರೆದರು, ಆದರೆ ಒಡೆದದ್ದು ಕೂಡಲಿಲ್ಲ. ಮುಂದಿನ ಪ್ರೀಮಿಯರ್‌ಶಿಪ್‌ಗೆ 57 ವರ್ಷ ಕಾಯಬೇಕಾಯಿತು. ಅದು ಬಂದಿದ್ದು 2021ರಲ್ಲಿ, ಕೋವಿಡ್ ಕಾರಣಕ್ಕೆ ಫೈನಲ್ ಪರ್ತ್‌ಗೆ ಹೋಗಿತ್ತು. ಅಷ್ಟು ವರ್ಷ ಕಾದ ಜನ ತಮ್ಮ ಮೈದಾನದಲ್ಲಿ ಅದನ್ನು ನೋಡಲಿಲ್ಲ.

ಕೋಚ್ ಆಗಿ ಬರಾಸಿ ಹೇಗೆ? ಜೋರು ಬಾಯಿ, ಕಠಿಣ ಶಿಸ್ತು, ತಾಲೀಮಿನಲ್ಲಿ ಕನಿಕರ ಇಲ್ಲ. ಸಾಕಿದವರಿಂದ ಕಲಿತದ್ದೇ ಅದು. ಕಾರ್ಲ್‌ಟನ್ 1947ರಿಂದ ಗೆದ್ದಿರಲಿಲ್ಲ. 1968ರಲ್ಲಿ ಗೆದ್ದಿತು, ಅದೂ ವಿಚಿತ್ರವಾಗಿ: ಎಸೆಂಡನ್ 8 ಗೋಲ್ ಹೊಡೆದಿತ್ತು, ಕಾರ್ಲ್‌ಟನ್ 7. ಬಿಹೈಂಡ್‌ಗಳ ಬಲದಿಂದ 56ಕ್ಕೆ 53, ಮೂರೇ ಅಂಕದ ಗೆಲುವು.

1970ರ ಫೈನಲ್ ಬೇರೆಯೇ. ಆ ದಿನ ಎಂಸಿಜಿಯಲ್ಲಿ ಇದ್ದದ್ದು 1,21,696 ಜನ. ಈಗ ಹಿಡಿಯುವುದೇ ಸುಮಾರು ಒಂದು ಲಕ್ಷ, ಹಾಗಾಗಿ ಆ ಲೆಕ್ಕ ಮುರಿಯುವ ಮಾತೇ ಇಲ್ಲ. ಎದುರಾಳಿ ಕಾಲಿಂಗ್‌ವುಡ್. ಅರ್ಧ ಆಟ ಮುಗಿದಾಗ ಕಾರ್ಲ್‌ಟನ್ 44 ಅಂಕ ಹಿಂದೆ. ಸತ್ತ ಪಂದ್ಯ. ಡ್ರೆಸ್ಸಿಂಗ್ ರೂಮಿನಲ್ಲಿ ಬರಾಸಿ ತಂಡಕ್ಕೆ ಹೇಳಿದ್ದು, ಏನೇ ಆಗಲಿ ಹ್ಯಾಂಡ್‌ಬಾಲ್ ಮಾಡಿ, ನಿಲ್ಲಬೇಡಿ, ಚೆಂಡು ಸಿಕ್ಕ ತಕ್ಷಣ ಓಡುತ್ತಿರುವವನಿಗೆ ಕೊಡಿ ಅಂತ. ಆಗ ಹ್ಯಾಂಡ್‌ಬಾಲ್ ಅನ್ನುವುದು ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ, ಮುನ್ನುಗ್ಗುವ ಅಸ್ತ್ರ ಅಂತ ನೋಡಿದವರು ಕಡಿಮೆ. ಜೊತೆಗೆ ಬೆಂಚಿನಲ್ಲಿ ಕೂತಿದ್ದ ಟೆಡ್ ಹಾಪ್ಕಿನ್ಸ್ ಎಂಬ ಸಣ್ಣ ಆಟಗಾರನನ್ನು ಇಳಿಸಿದರು. ಅವನು ದ್ವಿತೀಯಾರ್ಧದಲ್ಲಿ 4 ಗೋಲ್ ಹೊಡೆದ. ಕಾರ್ಲ್‌ಟನ್ 111, ಕಾಲಿಂಗ್‌ವುಡ್ 101. ಈ ಆಟದ ಹೊಸ ಕಾಲ ಆ ದ್ವಿತೀಯಾರ್ಧದಿಂದ ಶುರು ಅಂತ ಇಲ್ಲಿ ಬಹಳ ಜನ ಹೇಳುತ್ತಾರೆ. ಪೂರ್ತಿ ಹಾಗೆ ಹೇಳುವುದು ಸ್ವಲ್ಪ ಜಾಸ್ತಿ ಆಯಿತು ಅಂತ ನನಗೆ ಅನ್ನಿಸುತ್ತದೆ. ಹ್ಯಾಂಡ್‌ಬಾಲನ್ನು ಬಳಸಿಕೊಂಡವರು ಮೊದಲೂ ಇದ್ದರು. ಆದರೆ ಅಷ್ಟು ಜನರ ಎದುರು, ಸೋಲುತ್ತಿರುವಾಗ, ಎಲ್ಲವನ್ನೂ ಅದರ ಮೇಲೆ ಪಣ ಇಟ್ಟವರು ಯಾರೂ ಇರಲಿಲ್ಲ.

ಟೂರಿನಲ್ಲಿ ಆಟಗಾರರ ಕೋಣೆಗಳಿಗೆ ಕರೆದುಕೊಂಡು ಹೋಗುತ್ತಾರೆ. ಸ್ಟ್ಯಾಂಡ್‌ಗಳನ್ನು ಆಮೇಲೆ ಹೊಸದಾಗಿ ಕಟ್ಟಿದ್ದಾರೆ, 1970ರ ಕೋಣೆ ಅದಲ್ಲ. ಆದರೂ ಸಾಲು ಬೆಂಚು, ಮಸಾಜ್ ಮೇಜು, ಕಿಟಕಿ ಇಲ್ಲದ ಗೋಡೆಗಳ ನಡುವೆ ನಿಂತಾಗ ಆ 44 ಅಂಕ ಅಂದ್ರೆ ಏನು ಅಂತ ಗೊತ್ತಾಗುತ್ತದೆ. ಮೇಲಿನಿಂದ ಲಕ್ಷ ಜನರ ಸದ್ದು, ಇಲ್ಲಿ ಇಪ್ಪತ್ತು ಜನ, ಮಾತಾಡಬೇಕಾದವರು ಒಬ್ಬರೇ. ಅಲ್ಲಿಂದ ಬೌಂಡರಿ ಅಂಚಿಗೆ ಬರುತ್ತೀರಿ. ಹುಲ್ಲಿನ ಮೇಲೆ ಕಾಲಿಡುವ ಹಾಗಿಲ್ಲ. ಅಂಚಿನಲ್ಲಿ ನಿಂತರೆ ಸ್ಟ್ಯಾಂಡುಗಳು ನಾಲ್ಕೂ ಕಡೆಯಿಂದ ನಿಮ್ಮ ಕಡೆಗೇ ವಾಲಿಕೊಂಡ ಹಾಗೆ ಕಾಣುತ್ತವೆ. ಟಿವಿಯಲ್ಲಿ ಇದು ಯಾವತ್ತೂ ಗೊತ್ತಾಗಲ್ಲ. ಕ್ಲಬ್ ಸದಸ್ಯರ ಲಾಂಗ್ ರೂಮ್, ಎಂಸಿಸಿ (ಮೆಲ್ಬರ್ನ್ ಕ್ರಿಕೆಟ್ ಕ್ಲಬ್) ಲೈಬ್ರರಿ ಕೂಡ ತೋರಿಸುತ್ತಾರೆ. ಲೈಬ್ರರಿಯಲ್ಲಿ ಇನ್ನಷ್ಟು ಹೊತ್ತು ಬಿಟ್ಟಿದ್ದರೆ ನನಗೆ ಖುಷಿಯಾಗುತ್ತಿತ್ತು.

ಕಾರ್ಲ್‌ಟನ್ ಆದಮೇಲೆ 1973ರಲ್ಲಿ ನಾರ್ತ್ ಮೆಲ್ಬರ್ನ್. ಬರಾಸಿ ಕೋಚ್ ಆಗಿ ದೊಡ್ಡವರು ಅನ್ನುವುದಕ್ಕೆ ನನ್ನ ಪ್ರಕಾರ ಇದೇ ಗಟ್ಟಿ ಸಾಕ್ಷಿ. ನಾರ್ತ್ ಅದಕ್ಕೆ ಹಿಂದಿನ ವರ್ಷ ಇಡೀ ಸೀಸನ್‌ನಲ್ಲಿ ಒಂದೇ ಪಂದ್ಯ ಗೆದ್ದಿತ್ತು. ಅದುವರೆಗೆ ಒಂದೂ ಪ್ರೀಮಿಯರ್‌ಶಿಪ್ ಇರಲಿಲ್ಲ. ಹತ್ತು ವರ್ಷ ಒಂದು ಕ್ಲಬ್ಬಿಗೆ ಆಡಿದವನು ಬೇಕಾದ ಕಡೆ ಹೋಗಬಹುದು ಅನ್ನುವ ನಿಯಮ ಸ್ವಲ್ಪ ಕಾಲ ಜಾರಿಯಲ್ಲಿತ್ತು, ಆ ಬಾಗಿಲಿನಿಂದ ಡಗ್ ವೇಡ್, ಬ್ಯಾರಿ ಡೇವಿಸ್ ತರಹದ ಅನುಭವಿಗಳನ್ನು ಕ್ಲಬ್ ಕರೆತಂದಿತು. 1974ರಿಂದ 78ರ ತನಕ ಸತತ ಐದು ಫೈನಲ್. 1975ರಲ್ಲಿ ಹಾಥಾರ್ನ್ ಮೇಲೆ 55 ಅಂಕದಿಂದ ಗೆದ್ದು ಮೊದಲ ಪ್ರೀಮಿಯರ್‌ಶಿಪ್. 1977ರಲ್ಲಿ ಕಾಲಿಂಗ್‌ವುಡ್ ಜೊತೆ 76-76 ಸಮ. ಮುಂದಿನ ವಾರ ಇಡೀ ಫೈನಲ್ ಮತ್ತೆ ಆಡಿದರು, ನಾರ್ತ್ 27 ಅಂಕದಿಂದ ಗೆದ್ದಿತು. ಇದಾಗಿ ಮೂರು ತಿಂಗಳಿಗೆ ಅದೇ ಮೈದಾನಕ್ಕೆ ನಮ್ಮ ಚಂದ್ರ ಬಂದಿದ್ದು. ಅಲ್ಲಿ ನಿಂತು ಈ ಎರಡನ್ನೂ ಒಟ್ಟಿಗೆ ನೆನೆಸಿಕೊಂಡಾಗ ನನಗೆ ಆ ಜಾಗ ನಮ್ಮದೂ ಹೌದು ಅನ್ನಿಸಿತು.

ಸೋಲುಗಳನ್ನೂ ಹೇಳಬೇಕು, ಇಲ್ಲದಿದ್ದರೆ ಇದು ಬರೀ ಹೊಗಳಿಕೆಯಾಗುತ್ತದೆ. 1981ರಲ್ಲಿ ಮೆಲ್ಬರ್ನ್‌ಗೆ ಕೋಚ್ ಆಗಿ ವಾಪಸ್ ಬಂದಾಗ ಊರೆಲ್ಲ ಸಂಭ್ರಮ. ಆ ವರ್ಷ ತಂಡ ಗೆದ್ದಿದ್ದು ಒಂದೇ ಪಂದ್ಯ, ಪಟ್ಟಿಯಲ್ಲಿ ಕೊನೆ. ಐದು ವರ್ಷ ಇದ್ದರೂ ಫೈನಲ್ಸ್ (ಸೀಸನ್ ಕೊನೆಯ ನಾಕೌಟ್ ಸುತ್ತು) ಹತ್ತಿರ ಸುಳಿಯಲಿಲ್ಲ. ಆದರೆ ಅದೇ ಹೊತ್ತಿನಲ್ಲಿ ಅವರಿಗೆ ಹೊಳೆದ ಒಂದು ಯೋಚನೆ ಇದೆ. ಐರ್ಲೆಂಡಿನ ಗೇಲಿಕ್ ಫುಟ್‌ಬಾಲ್ ಇದಕ್ಕೆ ಹತ್ತಿರದ ಆಟ, ಅಲ್ಲಿಂದ ಹುಡುಗರನ್ನು ಕರೆತಂದು ಕಲಿಸಿದರೆ ಹೇಗೆ ಅಂತ. ಹಾಗೆ 1984ರಲ್ಲಿ ಡಬ್ಲಿನ್‌ನಿಂದ ಬಂದ ಹದಿಹರೆಯದ ಹುಡುಗ ಜಿಮ್ ಸ್ಟೈನ್ಸ್. ಈ ಚೆಂಡನ್ನು ಹಿಡಿಯುವುದರಿಂದ ಹಿಡಿದು ಎಲ್ಲ ಹೊಸದು. 1991ರಲ್ಲಿ ಅದೇ ಹುಡುಗ ಲೀಗ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಗೆದ್ದ. ಸತತ 244 ಪಂದ್ಯ ಆಡಿ ದಾಖಲೆ ಮಾಡಿದ. 2008ರಲ್ಲಿ, ಸಾಲದಲ್ಲಿ ಮುಳುಗಿದ್ದ ಮೆಲ್ಬರ್ನ್ ಕ್ಲಬ್ಬಿನ ಅಧ್ಯಕ್ಷನಾಗಿ, ಕ್ಯಾನ್ಸರ್ ಜೊತೆ ಹೋರಾಡುತ್ತಲೇ ಅದನ್ನು ಎತ್ತಿ ನಿಲ್ಲಿಸಿ 2012ರಲ್ಲಿ ತೀರಿಕೊಂಡ. ಬರಾಸಿ ಕೋಚ್ ಆಗಿದ್ದ ಕಾಲದಲ್ಲಿ ಸ್ಟೈನ್ಸ್ ಸೀನಿಯರ್ ತಂಡಕ್ಕೆ ಒಂದು ಪಂದ್ಯವನ್ನೂ ಆಡಿರಲಿಲ್ಲ. ಕೋಚ್ ಕೆಲಸವನ್ನು ಬರೀ ಗೆದ್ದ ಕಪ್ಪಿನಿಂದ ಅಳೆಯಬಾರದು ಅಂತ ನಾನು ಹೇಳುವುದು ಇದಕ್ಕೇ. ಹೊರಗೆ ಮೂರು ಪ್ರತಿಮೆ ಹುಡುಕಿ ಅಂದೆನಲ್ಲ, ಸಾಕಿ ಕಲಿಸಿದವರು, ಕಲಿತು ಕಲಿಸಿದವರು, ಅವರು ತಂದ ಹುಡುಗ.

1993ರಿಂದ 95ರ ತನಕ ಸಿಡ್ನಿ ಸ್ವಾನ್ಸ್. ಸಿಡ್ನಿ ರಗ್ಬಿಯ ಊರು. ಆಸ್ಟ್ರೇಲಿಯಾದಲ್ಲಿ ರಗ್ಬಿ ನಾಡು, ಫೂಟಿ ನಾಡು ಅಂತ ಬೇರೆ ಮಾಡುವ ಒಂದು ಊಹೆಯ ಗೆರೆ ಇದೆ. ಅದನ್ನು ಬರಾಸಿ ಲೈನ್ ಅಂತಲೇ ಕರೆಯುತ್ತಾರೆ, 1978ರಲ್ಲಿ ಇತಿಹಾಸಕಾರ ಇಯಾನ್ ಟರ್ನರ್ ಇಟ್ಟ ಹೆಸರು. ಆ ಗೆರೆಯ ಆಚೆಗೆ ಹೋಗಿ, ಸೋತು ಸೋತು ಮುಚ್ಚುವ ಹಂತಕ್ಕೆ ಬಂದಿದ್ದ ತಂಡವನ್ನು ಹಿಡಿದರು. ಕಪ್ ಬರಲಿಲ್ಲ. ಆದರೆ ಅವರು ಬಿಟ್ಟ ಮರುವರ್ಷವೇ ಸ್ವಾನ್ಸ್ ಫೈನಲ್ ಆಡಿತು. ಅದೇ 1996ರಲ್ಲಿ ಫೂಟಿಯ ಹಾಲ್ ಆಫ್ ಫೇಮ್ ಶುರುವಾದಾಗ ಮೊದಲ 12 ಲೆಜೆಂಡ್‌ಗಳಲ್ಲಿ ಬರಾಸಿ ಒಬ್ಬರು. 2023ರ ಸೆಪ್ಟೆಂಬರ್ 16ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡರು.

ಮ್ಯೂಸಿಯಂ ಬಗ್ಗೆ. 2020ರಲ್ಲಿ ಹೊಸದಾಗಿ ಮಾಡಿ ತೆರೆದಿದ್ದಾರೆ. ಫೂಟಿ, ಕ್ರಿಕೆಟ್, 1956ರ ಒಲಿಂಪಿಕ್ಸ್, ಕುದುರೆ ರೇಸ್, ಎಲ್ಲ ಇದೆ. ಶೇನ್ ವಾರ್ನ್ ಎದುರಿಗೆ ಬಂದು ಮಾತಾಡುವ ಹಾಗೆ ಕಾಣುವ ಪ್ರದರ್ಶನ ನಮ್ಮವರಿಗೆ ತುಂಬಾ ಇಷ್ಟವಾಗುತ್ತದೆ, ನನಗೂ ಆಯಿತು. ಮಕ್ಕಳಿದ್ದರೆ ಗೇಮ್ ಆನ್ ಅಂತ ಆಡುವ ಜಾಗ ಇದೆ, ಅಲ್ಲಿಂದ ಅವರನ್ನು ಎಬ್ಬಿಸುವುದು ಕಷ್ಟ, ಸಮಯ ಇಟ್ಟುಕೊಂಡು ಹೋಗಿ. ಅರ್ಧ ಅಂಕ ನಾನು ಕಡಿಮೆ ಮಾಡಿದ್ದು ಒಂದೇ ಕಾರಣಕ್ಕೆ. ಆಟಗಾರನ ಜರ್ಸಿ, ಪದಕ, ಬೂಟು ಗಾಜಿನ ಹಿಂದೆ ಇಡಬಹುದು. ಕೋಚ್ ಏನು ಮಾಡಿದ ಅನ್ನುವುದು ಹಾಗೆ ಸುಮ್ನೆ ಕಣ್ಣಿಗೆ ಬೀಳಲ್ಲ. ಫೂಟಿ ಗೊತ್ತಿಲ್ಲದೆ ಬಂದವರಿಗೆ ಅದು ಅರ್ಥವಾಗಬೇಕಾದರೆ ಇನ್ನೂ ಹೆಚ್ಚು ಕೈಹಿಡಿದು ತೋರಿಸಬೇಕು. ಆ ಕೊರತೆ ತುಂಬುವುದು ಗೈಡ್‌ಗಳೇ, ಅದಕ್ಕೇ ಎರಡೂ ಸೇರಿದ ಟಿಕೆಟ್ ತಗೊಳ್ಳಿ ಅಂದಿದ್ದು.

ಒಂದು ಎಚ್ಚರಿಕೆ. ನಮ್ಮ ನೆಂಟರು ಒಂದು ಪ್ಯಾಕೇಜ್ ಟೂರ್ ಏಜೆನ್ಸಿಯವರಿಂದ ಸಿಟಿ ಟೂರ್ ತಗೊಂಡಿದ್ದರು. ಪಟ್ಟಿಯಲ್ಲಿ ಎಂಸಿಜಿ ಅಂತ ದೊಡ್ಡದಾಗಿ ಹಾಕಿದ್ದರು. ಬಸ್ ಹೊರಗೆ ನಿಂತಿತು, ಎಲ್ಲರೂ ಇಳಿದು ಫೋಟೊ ತೆಗೆದರು, ವಾಪಸ್ ಹತ್ತಿಸಿದರು. ಅಷ್ಟೇ. ಒಳಗೆ ಹೋಗುವ ಟಿಕೆಟ್ ಸೇರಿದೆಯಾ ಅಂತ ಬರಹದಲ್ಲಿ ಕೇಳಿಕೊಳ್ಳಿ, ಇಲ್ಲ ಅಂದ್ರೆ ನೀವೇ ಹೋಗಿ, ಕಷ್ಟವೇ ಇಲ್ಲ. ಜೋಲಿಮಾಂಟ್ ಅಥವಾ ರಿಚ್ಮಂಡ್ ಸ್ಟೇಷನ್‌ನಲ್ಲಿ ಇಳಿದರೆ ನಡೆಯುವಷ್ಟೇ ದೂರ. ಫ್ಲಿಂಡರ್ಸ್ ಸ್ಟ್ರೀಟ್‌ನಿಂದ ಬಿರಾರಂಗ್ ಮಾರ್ ಪಾರ್ಕ್ ದಾಟಿ ವಿಲಿಯಂ ಬರಾಕ್ ಸೇತುವೆ ಮೇಲೆ ನಡೆದು ಬಂದರೆ ಇನ್ನೂ ಚೆಂದ, ಮೈದಾನ ಎದುರಿಗೇ ಏಳುತ್ತದೆ. ಅಪ್ಪ ಅಮ್ಮನ ಜೊತೆ ಬರುವವರು ಟೂರಿನಲ್ಲಿ ನಡಿಗೆ ಇದೆ ಅನ್ನುವುದನ್ನು ಮೊದಲೇ ಹೇಳಿಡಿ, ಮಂಡಿನೋವು ಇದ್ದರೆ ಬುಕ್ ಮಾಡುವಾಗಲೇ ತಿಳಿಸಿ.

ಚಳಿಗಾಲದಲ್ಲಿ ಬಂದರೆ ಟೂರ್ ಒಂದು ದಿನ, ಇನ್ನೊಂದು ದಿನ ಒಂದು ಪಂದ್ಯ ಇಟ್ಟುಕೊಳ್ಳಿ. ಮೆಲ್ಬರ್ನ್, ಕಾರ್ಲ್‌ಟನ್, ನಾರ್ತ್, ಸಿಡ್ನಿ, ಈ ನಾಲ್ಕರಲ್ಲಿ ಯಾವುದಾದರೂ ಎರಡು ಎದುರುಬದುರಾಗುವ ಪಂದ್ಯ ಎಂಸಿಜಿಯಲ್ಲಿ ಇದೆಯಾ ಅಂತ ವೇಳಾಪಟ್ಟಿ ನೋಡಿ. ಇದ್ದರೆ ಅದನ್ನೇ ತಗೊಳ್ಳಿ. ಸ್ವೆಟರ್ ಮರೆಯಬೇಡಿ, ಮೇಲಿನ ಸ್ಟ್ಯಾಂಡಿನಲ್ಲಿ ಗಾಳಿ ಕೊರೆಯುತ್ತದೆ.